ಸಿಮೆಂಟಿಲ್ಲದ ಒಂದು ಸ್ಮಶಾನ ಕೊಡಿ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯ ಆಯುಕ್ತರಿಗೆ, ಜೊತೆಗೆ ಇದನ್ನು ಓದುವ ನಮ್ಮ ಊರಿನ ಮಂದಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಕಲಬುರಗಿ ಊರ ಹೊರಗೆ ಎರಡು ಎಕರೆ ಸರ್ಕಾರಿ ಜಾಗ ಬೇಕು. ಅಲ್ಲಿ ಸತ್ತವರನ್ನು ಬರೀ ಮಣ್ಣಿನಲ್ಲಿ ಹೂಳಬೇಕು. ಸಿಮೆಂಟ್ ಕಟ್ಟೆ ಬೇಡ. ಟೈಲ್ಸ್ ಬೇಡ. ಪಾಲಿಶ್ ಹೊಡೆದ ಪ್ಲೈವುಡ್ ಪೆಟ್ಟಿಗೆ ಬೇಡ, ಪ್ಲಾಸ್ಟಿಕ್ ಹೂವಿನ ಹಾರ ಬೇಡ. ಯಾವ ಜಾತಿ, ಯಾವ ಧರ್ಮ ಅಂತ ಗೇಟಿನಲ್ಲಿ ಯಾರೂ ಕೇಳಬಾರದು. ಆಮೇಲೆ ಅಲ್ಲಿ ಮರ ಬೆಳೆಸಬೇಕು.

"ಬದುಕಿದ್ದವರಿಗೇ ನೆಟ್ಟಗೆ ನೀರಿಲ್ಲ, ಸತ್ತವರ ಚಿಂತಿ ಯಾಕ್ರೀ ಅಕ್ಕೋರೆ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಕೇಳಲಿ. ಸ್ಮಶಾನದ ಮಣ್ಣಿಗೂ ಬೋರ್‌ವೆಲ್ ನೀರಿಗೂ ಸಂಬಂಧ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಕೃಷಿ ಇಲಾಖೆಯಲ್ಲಿ ಮಣ್ಣು ಪರೀಕ್ಷೆ ಮಾಡಿಕೊಂಡಿದ್ದವಳು. ಈಗ ನಿವೃತ್ತಿ ಆಗಿದೆ. ರೈತರು ಚೀಲದಲ್ಲಿ ತಂದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಸಾರಜನಕ ಎಷ್ಟು, ರಂಜಕ ಎಷ್ಟು, ಪೊಟ್ಯಾಷ್ ಎಷ್ಟು ಅಂತ ಚೀಟಿ ಬರೆದು ಕೊಡುವ ಕೆಲಸ. ಹಾಗಾಗಿ ಯಾರದ್ದಾದರೂ ಮಣ್ಣಿಗೆ ಹೋದರೆ ನನ್ನ ಕಣ್ಣು ಮೊದಲು ಕುಣಿಯ ಗೋಡೆ ಮೇಲೇ ಹೋಗುತ್ತದೆ. ಎಷ್ಟು ಅಡಿ ಎರೆ, ಅಂದರೆ ಕಪ್ಪು ಮಣ್ಣು, ಇದೆ, ಎಲ್ಲಿಂದ ಮೊರಂ ಅನ್ನುವ ಗರಸು ಶುರುವಾಗಿದೆ ಅಂತ. ನನ್ನ ಆರೋಗ್ಯ ಚೆನ್ನಾಗೇ ಇದೆ, ಅವಸರವೇನೂ ಇಲ್ಲ. ಆದರೆ ಸರ್ಕಾರಿ ಕಡತ ಎಷ್ಟು ವೇಗವಾಗಿ ಓಡುತ್ತದೆ ಅಂತ ಒಳಗಿದ್ದೇ ನೋಡಿದವಳು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಮ್ಮ ಅತ್ತೆಯನ್ನು ಮಣ್ಣು ಮಾಡಿದ್ದು ನಮ್ಮದೇ ಹೊಲದಲ್ಲಿ. ನಮ್ಮ ಪದ್ಧತಿಯಂತೆ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿ ಮುಚ್ಚಿದರು. ಅಲ್ಲಿಯವರೆಗೆ ಎಲ್ಲಾ ಸರಿ ಇತ್ತು. ತಿಂಗಳು ಕಳೆಯುವುದರೊಳಗೆ ಮೈದುನ ಶುರು ಮಾಡಿದ. "ವೈನಿ, ಕಟ್ಟಿ ಕಟ್ಟಸ್ಲಿಲ್ಲಂದ್ರ ಮಂದಿ ಏನಂದಾರು?" ಮಂದಿಗೆ ಹೆದರಿ ಕಟ್ಟಿಸಿದ್ದಾಯಿತು. ಇಟ್ಟಿಗೆ, ಸಿಮೆಂಟ್, ಮೇಲೆ ಕರಿ ಗ್ರಾನೈಟ್, ಸುತ್ತಲೂ ಸ್ಟೀಲ್ ಗ್ರಿಲ್. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಿತು. ಕಟ್ಟೆ ನಡುವೆ ಸೀಳಿತು, ಗ್ರಾನೈಟ್ ಒಂದು ಮಗ್ಗುಲಿಗೆ ವಾಲಿತು. ಎಲ್ಲರೂ ಮೇಸ್ತ್ರಿಯನ್ನು ಬೈದರು. ಪಾಪ, ಅವನದ್ದೇನು ತಪ್ಪು?

ತಪ್ಪು ಮಣ್ಣಿನದ್ದೂ ಅಲ್ಲ. ಎರೆ ಮಣ್ಣಿನ ಗುಣವೇ ಅದು. ಅದರಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತೊಗರಿ ಹೊಲಗಳಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಬೀಳುವುದನ್ನು ಎಲ್ಲರೂ ನೋಡಿದ್ದೇವೆ. ಅದರ ಮೇಲೆ ಕಟ್ಟೆ ಎಲ್ಲಿ ನಿಲ್ಲಬೇಕು? ಸಾಲದ್ದಕ್ಕೆ ಕುಣಿಯೊಳಗಿನ ದೇಹ ಕರಗಿದಂತೆ ಮೇಲಿನ ಮಣ್ಣು ಇಳಿಯುತ್ತದೆ. ಬರೀ ಮಣ್ಣಿನ ದಿಬ್ಬ ಇದ್ದರೆ ಎರಡು ಬುಟ್ಟಿ ಮಣ್ಣು ಸುರಿದರೆ ಮುಗಿಯಿತು. ಕಟ್ಟೆ ಇದ್ದರೆ ಒಡೆದು ಮತ್ತೆ ಕಟ್ಟಬೇಕು. ಕಟ್ಟಿದ್ದು ಮತ್ತೆ ಸೀಳುತ್ತದೆ.

ಸಿಮೆಂಟ್ ಬಗ್ಗೆ ಈ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಾ? ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂ, ಮಳಖೇಡ ಕಡೆ ಓಡಾಡಿದವರಿಗೆ ಮರದ ಎಲೆಯ ಬಣ್ಣ ಗೊತ್ತು. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಗೆ ಕಾಯಿಸಿ ಸಿಮೆಂಟ್ ಮಾಡುತ್ತಾರೆ. ಕಾಯಿಸಲು ಉರಿಸುವ ಕಲ್ಲಿದ್ದಲಿನಿಂದ ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕಲ್ಲು ಬೆಂದಾಗ ಅದರೊಳಗಿಂದಲೇ ಇನ್ನಷ್ಟು ಬರುತ್ತದೆ. ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗೂ ಜಾಸ್ತಿ. ಮನೆ, ಸೇತುವೆ, ಆಸ್ಪತ್ರೆಗೆ ಬೇಕು, ಬೇಡ ಅನ್ನುವುದಿಲ್ಲ. ಸತ್ತವರ ಮೇಲೆ ಸುರಿಯುವುದು ಯಾಕೆ ಅನ್ನುವುದಷ್ಟೇ ನನ್ನ ತಕರಾರು.

ಇದೇನು ಹೊಸದಾಗಿ ಫಾರಿನ್‌ನಿಂದ ತಂದ ವಿಚಾರ ಅಂತ ಅನಿಸಬಹುದು. ಇಂಗ್ಲೆಂಡಿನ ಕಾರ್ಲೈಲ್ ಎಂಬ ಊರಿನ ಸ್ಮಶಾನದಲ್ಲಿ 1993ರಲ್ಲಿ ಇಂಥದ್ದೊಂದು ಜಾಗ ತೆರೆದದ್ದು ನಿಜ. ತೆರೆದದ್ದು ಅಲ್ಲಿನ ನಗರಸಭೆಯೇ. ಈಗ ಬ್ರಿಟನ್ನಿನಲ್ಲಿ ಅಂಥವು ಇನ್ನೂರಕ್ಕೂ ಹೆಚ್ಚಿವೆ. ಅಮೆರಿಕದ ಸೌತ್ ಕೆರೊಲಿನಾದಲ್ಲಿ 1998ರಲ್ಲಿ ಒಂದು ಕಾಡಿನ ತುಂಡನ್ನೇ ಹೀಗೆ ಸ್ಮಶಾನ ಮಾಡಿ ಕಾಪಾಡಿಕೊಂಡರು. ಅವರಿಗೆ ಇದು ಹೊಸದು, ಯಾಕೆಂದರೆ ಅವರು ಹೆಣಕ್ಕೆ ರಾಸಾಯನಿಕ ತುಂಬಿ, ಭಾರಿ ಪೆಟ್ಟಿಗೆಯಲ್ಲಿಟ್ಟು, ಕಾಂಕ್ರೀಟ್ ಗೂಡಿನಲ್ಲಿ ಇಳಿಸುವ ಮಟ್ಟಕ್ಕೆ ಹೋಗಿದ್ದರು. ನಾವು ಅಲ್ಲಿಗೆ ಇನ್ನೂ ಹೋಗಿಲ್ಲ. ಆ ದಾರಿ ಹಿಡಿದಿದ್ದೇವೆ ಅಷ್ಟೇ.

ನಮ್ಮಲ್ಲಿ ಲಿಂಗಾಯತರು ಮಣ್ಣು ಮಾಡುತ್ತಾರೆ. ಮುಸ್ಲಿಮರು ಬಿಳಿ ಹತ್ತಿ ಬಟ್ಟೆಯಲ್ಲಿ, ಗಂಡಸಿಗೆ ಮೂರು ತುಂಡು, ಹೆಂಗಸಿಗೆ ಐದು, ಸುತ್ತಿ ಪೆಟ್ಟಿಗೆ ಇಲ್ಲದೆ ನೆಲಕ್ಕೆ ಇಳಿಸುತ್ತಾರೆ. ದಲಿತರಲ್ಲಿ, ಕುರುಬರಲ್ಲಿ, ಕಬ್ಬಲಿಗರಲ್ಲಿ ಹೂಳುವ ಮನೆಗಳು ಎಷ್ಟೋ. ಕ್ರೈಸ್ತರೂ ಹೂಳುವವರೇ. ಹಿಂದಕ್ಕೆ ಹೋದರೆ ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಶಿಲಾಯುಗ ದಾಟಿದ ಕಾಲದ ಕಲ್ಲಿನ ಸಮಾಧಿಗಳಿವೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1850ರ ದಶಕದಲ್ಲಿ ಅವುಗಳ ಬಗ್ಗೆ ಬರೆದ. ಹಲಗೆ ಕಲ್ಲು ನಿಲ್ಲಿಸಿ, ಮೇಲೊಂದು ಹಲಗೆ ಕಲ್ಲು ಹೊದಿಸಿದ್ದಾರೆ. ಗಾರೆ ಇಲ್ಲ, ಏನಿಲ್ಲ. ಇನ್ನೂ ನಿಂತಿವೆ. ನಮ್ಮ ಅತ್ತೆಯ ಕಟ್ಟೆ ಒಂದು ವರ್ಷ ನಿಲ್ಲಲಿಲ್ಲ.

ರಾಜರ ಮಾತು ಬೇರೆ. ಹಫ್ತ್ ಗುಂಬಜ್, ಬೀದರ್ ಪಕ್ಕದ ಅಷ್ಟೂರಿನ ಗುಂಬಜ್‌ಗಳು ನೋಡಲು ಚೆಂದ. ಅವು ಬಹಮನಿ ಸುಲ್ತಾನರಿಗೆ ಕಟ್ಟಿದ್ದು. ಪಡಿತರ ಚೀಟಿ ಇರುವ ಮನೆಯವರು ಸಾಲ ಮಾಡಿ ಸಣ್ಣ ಗುಂಬಜ್ ಕಟ್ಟುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಉಪ್ಪಿನ ವಿಷಯ ಹೇಳಲೇಬೇಕು. ನಮ್ಮ ಕಡೆ ಹಲವರು ಕುಣಿಗೆ ಉಪ್ಪಿನ ಚೀಲ ಸುರಿಯುತ್ತಾರೆ. ಬೇಗ ಕರಗಲಿ ಅಂತ ಹಾಕುವುದು ಅನ್ನುತ್ತಾರೆ. ಆಗುವುದು ಉಲ್ಟಾ. ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೇ ಇರುವುದು ಯಾಕೆ? ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ, ಕರಗಿಸುವ ಜೀವಾಣುಗಳನ್ನು ಬೆಳೆಯಲು ಬಿಡುವುದಿಲ್ಲ. ಮೇಲಾಗಿ ನಮ್ಮ ಎರೆಯಲ್ಲಿ ನೀರು ಬೇಗ ಬಸಿಯುವುದಿಲ್ಲ, ಹಾಗಾಗಿ ಉಪ್ಪು ಅಲ್ಲೇ ಕೂರುತ್ತದೆ, ಹಚ್ಚಿದ ಸಸಿ ಸಾಯುತ್ತದೆ. ಸವಳು ಬಿದ್ದ ಹೊಲ ನೋಡಿದ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಸ್ತ್ರಕ್ಕೆ ಒಂದು ಹಿಡಿ ಹಾಕಿ, ಸಾಕು. ವಿಭೂತಿ ಒಳ್ಳೆಯ ಸಗಣಿಯದ್ದಾದರೆ ಅದರಿಂದ ತೊಂದರೆ ಇಲ್ಲ. ಅಂಗಡಿ ವಿಭೂತಿಯಲ್ಲಿ ಏನಿದೆಯೋ, ಆ ಶರಣಬಸಪ್ಪನೇ ಬಲ್ಲ.

ಬಟ್ಟೆಯೂ ಹಾಗೇ. ಹತ್ತಿ ಬಟ್ಟೆ, ರೇಷ್ಮೆ, ಉಣ್ಣೆಯ ಕಂಬಳಿ ಮಣ್ಣಿನಲ್ಲಿ ಕರಗುತ್ತವೆ. ಪಾಲಿಯೆಸ್ಟರ್ ಸೀರೆ ಕರಗುವುದಿಲ್ಲ. ಆದರೆ ಮುತ್ತೈದೆ ತೀರಿಕೊಂಡರೆ ಬಂದ ಬೀಗರೆಲ್ಲ ಹೊದಿಸುವುದು ಅವನ್ನೇ. ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟಲು ಈಗ ಥರ್ಮಾಕೋಲ್, ಮಿರಮಿರ ಮಿಂಚುವ ಪ್ಲಾಸ್ಟಿಕ್ ಹಾಳೆ ಬಂದಿದೆ. ಮೇದಾರರ ಬಿದಿರಿನ ಸಿದಿಗೆ, ಚೆಂಡು ಹೂವು, ಬಾಳೆ ಎಲೆ ಇದ್ದರೆ ಸಾಲದಾ? ಪೆಟ್ಟಿಗೆ ಬೇಕೇ ಬೇಕು ಅನ್ನುವ ಕ್ರೈಸ್ತ ಬಂಧುಗಳಿಗೆ ಬೇವಿನ ಹಲಗೆಯದ್ದೋ ಮಾವಿನ ಹಲಗೆಯದ್ದೋ ಸಾದಾ ಪೆಟ್ಟಿಗೆ ಸಾಕು. ವಾರ್ನಿಶ್, ಸನ್‌ಮೈಕಾ ಬಿಡಬಹುದು.

ಆಸ್ಪತ್ರೆಗಳಿಗೂ ಒಂದು ಮಾತು. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ, ಅಳಿಯ ದುಬೈನಲ್ಲಿ ಇರುವ ಕಾಲ ಇದು. ಅವರು ಬರುವ ತನಕ ಹೆಣ ಕಾಯಬೇಕು, ಮೇಲೆ 44 ಡಿಗ್ರಿ ಬಿಸಿಲು. ಅದಕ್ಕೆ ಬಾಡಿಗೆಯ ಫ್ರೀಜರ್ ಪೆಟ್ಟಿಗೆ ಸಾಕು. ಹೆಣ ಕೆಡದಂತೆ ಫಾರ್ಮಾಲಿನ್ ಅನ್ನುವ ರಾಸಾಯನಿಕ ತುಂಬುವ ಅಗತ್ಯ ಬರುವುದು ವಿಮಾನದಲ್ಲಿ ದೂರ ಕಳಿಸುವಾಗ, ಇಲ್ಲವೇ ದೇಹವನ್ನು ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟಾಗ. ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ನನ್ನ ಪ್ರಕಾರ ಮಣ್ಣಿಗಿಂತ ಅದನ್ನು ದಿನಾ ಕೈಯಲ್ಲಿ ಹಿಡಿಯುವ ಶವಾಗಾರದ ಹುಡುಗರಿಗೇ ಅದರಿಂದ ಅಪಾಯ ಜಾಸ್ತಿ. ಮನೆಯವರನ್ನು ಕೇಳದೆ ಹಾಕಬೇಡಿ. ಕಣ್ಣು ದಾನಕ್ಕೆ ಇದ್ಯಾವುದೂ ಅಡ್ಡಿ ಇಲ್ಲ. ಆರು ಗಂಟೆಯೊಳಗೆ ಕಣ್ಣು ಕೊಟ್ಟು, ಆಮೇಲೆ ಮಣ್ಣು ಮಾಡಬಹುದು.

ಸುಡುವವರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಅದು ಅವರವರ ನಂಬಿಕೆ. ಆದರೆ ಒಂದು ಚಿತೆಗೆ ನಾಲ್ಕೈದು ಕ್ವಿಂಟಲ್ ಕಟ್ಟಿಗೆ ಹೋಗುತ್ತದೆ, ನಮ್ಮದು ಕಾಡು ಬಹಳ ಕಡಿಮೆ ಇರುವ ಜಿಲ್ಲೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ಈಗ ನೀರಿನ ಮಾತು. ಇಲ್ಲಿ ನಾನು ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೆಣ ಬರೀ ಮಣ್ಣಿನಲ್ಲಿಟ್ಟರೆ ನೀರು ಕೆಡುವುದಿಲ್ಲವಾ ಅಂತ ಕೇಳುವವರದ್ದು ಸರಿಯಾದ ಪ್ರಶ್ನೆ. ಜಾಗ ತಪ್ಪಿದರೆ ಖಂಡಿತ ಕೆಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಸ್ಮಶಾನಗಳ ಬಗ್ಗೆ ಒಂದು ವರದಿ ಕೊಟ್ಟಿದೆ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ಗಳಿಂದ 250 ಮೀಟರ್ ದೂರ ಇರಬೇಕು. ಹಳ್ಳ ಹೊಳೆಗಳಿಂದ 30 ಮೀಟರ್. ಹೆಣದ ಮೇಲೆ ಒಂದು ಮೀಟರ್ ಮಣ್ಣು, ಕೆಳಗೂ ಒಂದು ಮೀಟರ್ ಮಣ್ಣು. ಕುಣಿಯೊಳಗೆ ನೀರು ನಿಲ್ಲಬಾರದು. ಇದರಲ್ಲಿ ಕಷ್ಟದ್ದು ಏನಿದೆ? ಆದರೂ ನಮ್ಮ ಹಳ್ಳಿಗಳಲ್ಲಿ ಸ್ಮಶಾನ ಇರುವುದೇ ಹಳ್ಳದ ದಂಡೆ ಮೇಲೆ. 2020ರ ಅಕ್ಟೋಬರಿನಲ್ಲಿ ಭೀಮೆ ತುಂಬಿ ಬಂದಾಗ ದಂಡೆಯ ಊರುಗಳ ಪಾಡು ಏನಾಯಿತು ಅಂತ ನಿಮ್ಮ ಕಚೇರಿಯ ಕಡತದಲ್ಲೇ ಇದೆ.

ನಮ್ಮ ಕಡೆಯ ಎಲ್ಲಾ ನೆಲಕ್ಕೂ ಒಂದೇ ನಿಯಮ ಹೊಂದುವುದಿಲ್ಲ. ಆಳಂದ ಕಡೆ ಕೆಳಗೆ ಕರಿಕಲ್ಲು, ಮೇಲೆ ಎರೆ. ಎರೆ ಆಳ ಇದ್ದಲ್ಲಿ ಕೊಳೆ ಬೇಗ ಕೆಳಗೆ ಇಳಿಯುವುದಿಲ್ಲ, ಜೇಡಿಯೇ ಹಿಡಿದಿಡುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಎರಡು ಮೂರು ಅಡಿಗೇ ಸುಣ್ಣದ ಕಲ್ಲು ಸಿಗುವ ಜಾಗ ಬಹಳ. ಆ ಕಲ್ಲಿನ ಸೀಳಿನಲ್ಲಿ ನೀರು ಸೋಸದೆ ನೇರ ಓಡುತ್ತದೆ. ಅಂಥಲ್ಲಿ ಬೇಡವೇ ಬೇಡ. ಬೀದರಿನದ್ದು ಇನ್ನೊಂದು ಕತೆ. ಅಲ್ಲಿ ಜಂಬಿಟ್ಟಿಗೆ, ತೂತು ತೂತಿನ ಕಲ್ಲು. ಹಳೆಯ ಕಾಲದವರು ಅದೇ ಕಲ್ಲಿನಲ್ಲಿ ಸುರಂಗ ಕೊರೆದು ನೌಬಾದಿನ ಕರೇಜ್ ಮಾಡಿದರು, ನೆಲದೊಳಗೇ ನೀರು ಹರಿಸಿದರು. ಆ ಸಾಲಿನ ಮೇಲೆ ಹೂಳಲು ಬಿಟ್ಟರೆ ನಮ್ಮಷ್ಟು ದಡ್ಡರು ಯಾರೂ ಇಲ್ಲ.

ಆಳ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯೂ ಬಿಡಬೇಕು. ಈಗ ಜೆಸಿಬಿ ಬಂದಿದೆ. ಒಂದು ಬಕೆಟ್ ಇಳಿಸಿದರೆ ಎಂಟು ಅಡಿ. ಮಣ್ಣಿನಲ್ಲಿ ಜೀವ ಇರುವುದು ಮೇಲಿನ ಪದರದಲ್ಲಿ, ಗಾಳಿ ಆಡುವಲ್ಲಿ. ತೇವದ ಜೇಡಿಯ ತಳದಲ್ಲಿ ಗಾಳಿ ಇಲ್ಲ, ಅಲ್ಲಿ ಕರಗುವುದು ಬಹಳ ನಿಧಾನ. ಮಲಗಿಸಿ ಹೂಳುವವರಿಗೆ ನಾಲ್ಕು, ನಾಲ್ಕೂವರೆ ಅಡಿ ಸಾಕು, ಮೇಲಿನ ದಿಬ್ಬ ಬೇರೆ ಇರುತ್ತದೆ. ಕೂರಿಸಿ ಹೂಳುವ ನಮ್ಮಂಥವರಿಗೆ ಇನ್ನೆರಡು ಅಡಿ ಬೇಕು, ಹಾಗಾಗಿ ಮಣ್ಣಿನ ಆಳ ಇನ್ನೂ ಚೆನ್ನಾಗಿರುವ ಕಡೆ ಆ ಸಾಲು ಇಡಿ. ನಾಯಿ, ನರಿ ಕೆದರುತ್ತವೆ ಅಂತ ಭಯ ಬೇಡ. ಜಾಲಿ ಮುಳ್ಳು ಹೊದಿಸಿ ನಾಲ್ಕು ಕಲ್ಲು ಇಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಮುಳ್ಳಿಗೆ ಬರ ಎಲ್ಲಿದೆ? ನಮ್ಮ ಸ್ಮಶಾನಗಳ ತುಂಬಾ ಬಳ್ಳಾರಿ ಜಾಲಿಯೇ.

ಕುಣಿ ತೆಗೆಯುವವರನ್ನು ಯಾರೂ ನೆನೆಯುವುದಿಲ್ಲ. ಬೇಸಿಗೆಯಲ್ಲಿ ಎರೆ ನೆಲಕ್ಕೆ ಹಾರೆ ಹಾಕಿದರೆ ಕಿಡಿ ಹಾರುತ್ತದೆ, ಮಳೆಗಾಲದಲ್ಲಿ ಸಲಿಕೆಗೆ ಅಂಟಿದ ಮಣ್ಣು ಬಿಡುವುದಿಲ್ಲ. ಆ ಕೆಲಸ ಇವತ್ತಿಗೂ ಬಹುಪಾಲು ದಲಿತ ಕೇರಿಯವರ ಮೇಲೇ ಬಿದ್ದಿದೆ. ಕೂಲಿ ಎಷ್ಟು ಅನ್ನುವುದು ಸತ್ತ ಮನೆಯವರ ಮನಸ್ಸಿನ ಮೇಲೆ. ಹೊಸ ಜಾಗಕ್ಕೆ ಪಾಲಿಕೆಯೇ ಸಂಬಳ ಕೊಟ್ಟು ಜನ ಇಡಲಿ. ಕೈಗವಸು, ಬೂಟು, ಕುಡಿಯುವ ನೀರು, ಒಂದು ನೆರಳು ಇರಲಿ. ಇದಾಗದಿದ್ದರೆ ಪರಿಸರದ ಮಾತು ಬರೀ ಮಾತು.

ಜಾತಿ ವಿಷಯಕ್ಕೆ ಬಂದೆ ಅಂತ ಸಿಟ್ಟಾಗಬೇಡಿ. ಹೊಲ ಇದ್ದವರು ಹೊಲದಲ್ಲಿ ಹೂಳುತ್ತಾರೆ. ಹೊಲ ಇಲ್ಲದವರು ಹೆಣ ಹೊತ್ತು ರಸ್ತೆ ಬದಿ, ಹಳ್ಳದ ಬದಿ ಹುಡುಕಬೇಕು. ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಕೊಡಿ ಅಂತ 2019ರಲ್ಲಿ ಹೈಕೋರ್ಟ್ ಸರ್ಕಾರಕ್ಕೆ ಹೇಳಿದ್ದು ಸುಮ್ನೆ ಅಲ್ಲ. ಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ, ಬಸವಣ್ಣನವರ ಹೆಸರು ಹೇಳದೆ ನಮ್ಮಲ್ಲಿ ಒಂದು ಸಭೆಯೂ ಶುರುವಾಗುವುದಿಲ್ಲ. ಆದರೆ ಸ್ಮಶಾನದ ಬೋರ್ಡು ನೋಡಿ, ಒಂದೊಂದು ಸಮಾಜದ್ದು ಒಂದೊಂದು. ಎಲ್ಲರೂ ನಾಳೆಯೇ ಒಂದೇ ಕಡೆ ಬರುತ್ತಾರೆ ಅಂತ ನಾನು ನಂಬಿಲ್ಲ. ಬರಲು ಮನಸ್ಸಿರುವವರಿಗೆ ಒಂದು ಜಾಗ ಇರಲಿ. ಜಂಗಮರು ಬಂದು ಮಂತ್ರ ಹೇಳಲಿ, ಮೌಲ್ವಿ ನಮಾಜ್ ಮಾಡಿಸಲಿ, ಪಾದ್ರಿ ಪ್ರಾರ್ಥನೆ ಮಾಡಲಿ, ಏನೂ ಬೇಡ ಅಂದವರು ಸುಮ್ಮನೆ ಮಣ್ಣು ಹಾಕಿ ಹೋಗಲಿ.

ಕಾನೂನಿನ ತೊಡಕು ಹೆಚ್ಚಿಲ್ಲ. ಪಾಲಿಕೆಯ ಗಡಿಯೊಳಗೆ ಎಲ್ಲಿ ಬೇಕಾದಲ್ಲಿ ಹೂಳಲು ಬರುವುದಿಲ್ಲ. 1976ರ ಪೌರ ನಿಗಮಗಳ ಕಾಯ್ದೆಯಂತೆ ಜಾಗ ನೋಂದಣಿ ಆಗಿರಬೇಕು. ಆ ಅಧಿಕಾರ ನಿಮ್ಮ ಕೈಯಲ್ಲೇ ಇದೆ. ಸಾವಿನ ನೋಂದಣಿ ಎಂದಿನಂತೆ 21 ದಿನದೊಳಗೆ. ಬೇಲಿ, ಒಂದು ನೀರಿನ ಟ್ಯಾಂಕ್, ಕಾವಲುಗಾರನ ಕೋಣೆ, ಸಸಿ, ಇದಕ್ಕೆ ಎಷ್ಟು ಖರ್ಚು ಬಂದೀತು? ಸಂವಿಧಾನದಲ್ಲಿ ನಮ್ಮ ಭಾಗಕ್ಕೆಂದು 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಕೋಟಿಗಟ್ಟಲೆ ಅನುದಾನ ಬರುತ್ತಿದೆ. ಅದರಲ್ಲಿ ಸಿಸಿ ರಸ್ತೆಯ ನಾಲ್ಕು ಗಲ್ಲಿ ಬಿಟ್ಟರೆ ಇದಾಗುತ್ತದೆ.

ಗುರುತು ಬೇಡವಾ ಅಂತ ಮಕ್ಕಳು ಕೇಳುತ್ತಾರೆ. ಬೇಕು. ಅಂಗೈ ಅಗಲದ ಶಹಾಬಾದ್ ಕಲ್ಲಿನ ಮೇಲೆ ಹೆಸರು ಕೆತ್ತಿಸಿ ನೆಲಮಟ್ಟಕ್ಕೆ ಇಡಿ. ಗಾರೆ ಹಾಕಬೇಡಿ. ರಿಜಿಸ್ಟರ್‌ನಲ್ಲಿ ಸಾಲು ಸಂಖ್ಯೆ, ಜಾಗದ ಅಳತೆ ಬರೆದಿಡಿ. ಮುಂದೆ ದೇಹ ಪೂರ್ತಿ ಮಣ್ಣಾದ ಮೇಲೆ, ಮನೆಯವರ ಒಪ್ಪಿಗೆ ಇದ್ದರೆ, ಅದೇ ಸಾಲನ್ನು ಮತ್ತೆ ಬಳಸಬಹುದು. ಮಣ್ಣಿನ ಗೋರಿಗಳಿರುವ ಖಬರಸ್ತಾನಗಳಲ್ಲಿ ಇದು ಹಿಂದಿನಿಂದಲೂ ನಡೆದು ಬಂದದ್ದೇ. ಸಿಮೆಂಟ್ ಹಾಕಿದ ದಿನ ಆ ತುಂಡು ನೆಲ ಶಾಶ್ವತವಾಗಿ ಹೋಯಿತು. ಊರು ಬೆಳೆಯುತ್ತಿದೆ, ಸ್ಮಶಾನ ಬೆಳೆಯುವುದಿಲ್ಲ.

ಮರದ ಬಗ್ಗೆ ಅರಣ್ಯ ಇಲಾಖೆಯವರನ್ನು ಕೇಳಿ, ಆದರೆ ಗುಲ್‌ಮೊಹರ್ ಹಚ್ಚಲು ಬಿಡಬೇಡಿ. ಬೇವು, ಹೊಂಗೆ, ಬನ್ನಿ, ಹುಣಸೆ, ಪತ್ರಿ. ಇವು ನಮ್ಮ ಬಿಸಿಲು ತಿಂದು ಬೆಳೆದವು. ಆಲ, ಅರಳಿ ಅಂಚಿನಲ್ಲಿ ಒಂದೆರಡು ಇರಲಿ. ಕುಣಿಯ ನೆತ್ತಿ ಮೇಲೆ ಸಸಿ ಇಡಬೇಡಿ, ಮಣ್ಣು ಕುಸಿದಾಗ ಬೇರು ಕಿತ್ತು ಬರುತ್ತದೆ. ಪಕ್ಕದ ಸಾಲಿನಲ್ಲಿ, ಮೃಗಶಿರ ಮಳೆ ಬಿದ್ದ ಮೇಲೆ ಇಡಿ. ಎರಡು ಬೇಸಿಗೆ ನೀರು ಹಾಕುವವರು ಬೇಕು. ಫೋಟೋ ತೆಗೆಸಿಕೊಂಡು ಹೋಗುವವರು ವರ್ಷಕ್ಕೊಮ್ಮೆ ಪರಿಸರ ದಿನಕ್ಕೆ ಬಂದೇ ಬರುತ್ತಾರೆ, ಅವರ ಚಿಂತೆ ಇಲ್ಲ. ನಮ್ಮ ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ ಅಂತ ನಾನು ರೈತರಿಗೆ ಬರೆದುಕೊಟ್ಟ ಚೀಟಿಗಳಿಗೆ ಲೆಕ್ಕವಿಲ್ಲ. ನನ್ನ ದೇಹದಲ್ಲಿರುವಷ್ಟು ಸಾರಜನಕ, ಎಲುಬಿನ ಕ್ಯಾಲ್ಸಿಯಂ, ರಂಜಕ ಒಂದು ಬೇವಿನ ಮರಕ್ಕೆ ಸಿಕ್ಕರೆ ನನಗೇನೂ ಬೇಜಾರಿಲ್ಲ.

ಊರಿನ ಮಂದಿಗೆ ಒಂದೇ ಕೋರಿಕೆ. ಏನು ಬೇಕು ಅಂತ ಬದುಕಿದ್ದಾಗಲೇ ಮನೆಯವರಿಗೆ ಹೇಳಿ, ಒಂದು ಹಾಳೆಯಲ್ಲಿ ಬರೆದಿಡಿ. ಸತ್ತ ದಿನ ಗದ್ದಲದಲ್ಲಿ ಜೋರು ದನಿ ಇದ್ದವರ ಮಾತೇ ನಡೆಯುತ್ತದೆ. ನಾನು ಬರೆದಿಟ್ಟಿದ್ದೇನೆ. ಮೈದುನನಿಗೂ ಒಂದು ಜೆರಾಕ್ಸ್ ಕೊಟ್ಟಿದ್ದೇನೆ. ಅವನು ಓದಿ, "ವೈನಿ, ಒಂದು ಸಣ್ಣ ಕಟ್ಟಿ?" ಅಂದ.

ಸಾಹೇಬರೆ, ಜಾಗ ಗೊತ್ತು ಮಾಡುವ ಮೊದಲು ದಯವಿಟ್ಟು ಒಂದು ಕೆಲಸ ಮಾಡಿಸಿ. ಭಾದ್ರಪದದ ಮಳೆ ಮುಗಿದು ನೆಲ ಪೂರ್ತಿ ನೆಂದಿರುವಾಗ ಅಲ್ಲಿ ಹತ್ತು ಅಡಿ ಆಳದ ಗುಂಡಿ ತೆಗೆಸಿ ಎರಡು ದಿನ ಬಿಡಿ. ತಳದಲ್ಲಿ ನೀರು ಒಸರಿದರೆ, ಇಲ್ಲವೇ ಎಂಟು ಅಡಿಯೊಳಗೇ ಕಲ್ಲು ಸಿಕ್ಕರೆ, ಆ ಜಾಗ ಬಿಟ್ಟುಬಿಡಿ. ಬೇಸಿಗೆಯಲ್ಲಿ ನೋಡಿ ಸಹಿ ಹಾಕಬೇಡಿ, ಬೇಸಿಗೆಯಲ್ಲಿ ಎಲ್ಲಾ ಜಾಗವೂ ಒಣಗಿಯೇ ಇರುತ್ತದೆ. ಮಣ್ಣು ನೋಡಲು ಯಾರಾದರೂ ಬೇಕಿದ್ದರೆ ಹೇಳಿ ಕಳಿಸಿ, ನಾನೇ ಬರುತ್ತೇನೆ. ಪ್ರಯಾಣ ಭತ್ಯೆ ಬೇಡ. ಒಂದು ಕಪ್ ಚಹಾ ಸಾಕು, ಸಕ್ಕರೆ ಕಡಿಮೆ.

ಇಂತಿ,
ಮಣ್ಣು ಪರೀಕ್ಷಾ ಕೇಂದ್ರದ ಒಬ್ಬ ನಿವೃತ್ತ ನೌಕರಳು
ಕಲಬುರಗಿ